ಲಂಡನ್ನಿನ ಸುದ್ದಿ ನಮ್ಮೂರಿಗೆ ಬರುವ ದಾರಿ



ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಕಾರಣಿಕ ನಡೆಯುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ, ಉಳಿದವರು ಕೇಳಿಯಾದರೂ ಬಲ್ಲಿರಿ. ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ ಸದ್ದಲೇ ಎಂದು ಕೂಗುತ್ತಾನೆ. ಲಕ್ಷಗಟ್ಟಲೆ ಜನ ಒಮ್ಮೆಗೇ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆತ ಒಂದೇ ಒಂದು ಮಾತು ನುಡಿದು ಮೇಲಿನಿಂದ ಬೀಳುತ್ತಾನೆ. ಅಲ್ಲಿಗೆ ಕಾರಣಿಕ ಮುಗಿಯಿತು; ಅರ್ಥ ಹೇಳುವವರ ಕೆಲಸ ಆಗ ಶುರುವಾಯಿತು. ಒಕ್ಕಲಮಗನಿಗೆ ಅದರಲ್ಲಿ ಮಳೆ ಬೆಳೆ ಕಾಣುತ್ತದೆ, ವ್ಯಾಪಾರಿಗೆ ಹತ್ತಿಯ ಧಾರಣೆ ಕಾಣುತ್ತದೆ, ಪಕ್ಷದ ಕಾರ್ಯಕರ್ತನಿಗೆ ಸರ್ಕಾರ ಉಳಿಯುವುದೋ ಬೀಳುವುದೋ ಎಂಬುದು ಕಾಣುತ್ತದೆ. ಮಾತು ಒಂದೇ. ಕೇಳಿದವರ ಮನಸ್ಸಿನಲ್ಲಿ ಮೊದಲೇ ಏನಿತ್ತೋ ಅದು ಅರ್ಥವಾಗಿ ಹೊರಗೆ ಬರುತ್ತದೆ.

ಇಂದಿನ ನನ್ನ ವಿಷಯ ಕಾರಣಿಕದ್ದಲ್ಲ. ಬ್ರಿಟನ್ನಿನ ರಾಜಕೀಯವನ್ನೂ ಅಲ್ಲಿನ ಪತ್ರಿಕೆ, ರೇಡಿಯೋಗಳನ್ನೂ ಕುರಿತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಸಾಮಾನ್ಯ ಜನರು ಅಭಿಪ್ರಾಯ ಕಟ್ಟಿಕೊಂಡದ್ದು ಹೇಗೆ, ಇಂದು ನಾವು ಕಟ್ಟಿಕೊಳ್ಳುತ್ತಿರುವುದು ಹೇಗೆ ಎಂಬುದು. ಇದಕ್ಕೂ ಮೈಲಾರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪತ್ರಿಕೆಯ ತಲೆಬರಹವೂ ಒಂದೇ ಸಾಲಿನದು. ಅದಕ್ಕೂ ನಾವು ಮನೆಯಿಂದಲೇ ಅರ್ಥವನ್ನು ಒಯ್ಯುತ್ತೇವೆ. ಗೊರವಯ್ಯನ ಮಾತನ್ನಾದರೂ ನಾವು ನೇರವಾಗಿ ಕಿವಿಯಾರೆ ಕೇಳಿರುತ್ತೇವೆ. ಲಂಡನ್ನಿನ ಮಾತು ನಮ್ಮನ್ನು ಮುಟ್ಟುವ ಮೊದಲು ಎಷ್ಟು ಬಾಯಿ ದಾಟಿರುತ್ತದೆಯೋ!

ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2022ರ ಅಕ್ಟೋಬರ್ 24, ದೀಪಾವಳಿಯ ದಿನ, ರಿಷಿ ಸುನಕ್ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕರಾದರು, ಮರುದಿನ ಪ್ರಧಾನಿಯಾದರು. ಅವರ ಪತ್ನಿ ಅಕ್ಷತಾ ಮೂರ್ತಿ, ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣಮೂರ್ತಿ ಮತ್ತು ಲೇಖಕಿ ಸುಧಾ ಮೂರ್ತಿಯವರ ಮಗಳು. ನಮ್ಮ ಕನ್ನಡ ಪತ್ರಿಕೆಗಳು, ಟಿ.ವಿ. ವಾಹಿನಿಗಳು ಹಿಡಿದುಕೊಂಡ ಪದ ಯಾವುದು? ಕರ್ನಾಟಕದ ಅಳಿಯ! ಅಳಿಯ ಎಂದ ಮೇಲೆ ಮುಗಿಯಿತು, ನಮ್ಮಲ್ಲಿ ಅಳಿಯನಿಗೆ ಇರುವ ಮರ್ಯಾದೆ ನಿಮಗೆ ಗೊತ್ತೇ ಇದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ಹೋಟೆಲಿನಲ್ಲಿ ಕುಳಿತವರಿಗೆ ಬ್ರಿಟನ್ನಿನ ಇಡೀ ರಾಜಕೀಯ ಆ ಒಂದು ನಂಟಸ್ತಿಕೆಯಲ್ಲಿ ಅಡಗಿಬಿಟ್ಟಿತು. ಇನ್ನೂರು ವರ್ಷ ನಮ್ಮನ್ನು ಆಳಿದವರನ್ನು ಈಗ ನಮ್ಮವರು ಆಳುತ್ತಾರೆ ಎಂದು ಹೆಮ್ಮೆಪಟ್ಟವರೂ ಉಂಟು. ಹೆಮ್ಮೆಯಲ್ಲಿ ತಪ್ಪೇನಿಲ್ಲ. ಆದರೆ ಆ ಹೆಮ್ಮೆಯ ಸಡಗರದಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆಗಳನ್ನು ನೋಡಿ.

ಆತ ಪ್ರಧಾನಿಯಾದದ್ದು ಹೇಗೆ? ಸಾರ್ವತ್ರಿಕ ಚುನಾವಣೆಯಿಂದ ಅಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕನ್ಸರ್ವೇಟಿವ್ ಪಕ್ಷದ ಸುಮಾರು 1,72,000 ಸದಸ್ಯರ ಮುಂದೆ ಆಯ್ಕೆ ಬಂದಾಗ ಅವರು ಲಿಜ್ ಟ್ರಸ್ ಅವರನ್ನು ಆರಿಸಿದರು, ಸುನಕ್ ಸೋತರು. ಟ್ರಸ್ ಸರ್ಕಾರ ದೊಡ್ಡ ತೆರಿಗೆ ಕಡಿತವನ್ನು ಪ್ರಕಟಿಸಿತು. ಅದಕ್ಕೆ ಹಣ ಎಲ್ಲಿಂದ ಎಂಬುದಕ್ಕೆ ಉತ್ತರವಿರಲಿಲ್ಲ. ಪೌಂಡಿನ ಬೆಲೆ ಕುಸಿಯಿತು, ಮನೆಸಾಲದ ಬಡ್ಡಿ ಏರಿತು. ಅಧಿಕಾರಕ್ಕೆ ಬಂದ ನಲವತ್ತೈದನೆಯ ದಿನ ಆಕೆ ರಾಜೀನಾಮೆ ಘೋಷಿಸಿದರು. ಆಮೇಲೆ ನಡೆದ ಸ್ಪರ್ಧೆಯಲ್ಲಿ ಸುನಕ್ ಎದುರಿಗೆ ಕೊನೆಯವರೆಗೆ ಯಾರೂ ಉಳಿಯಲಿಲ್ಲ. ಅಲ್ಲಿನ ಮನೆಮನೆಯಲ್ಲಿ ಮಾತಾಗುತ್ತಿದ್ದುದು ಬಡ್ಡಿಯ ಕಂತು ಮತ್ತು ಚಳಿಗಾಲದ ಕರೆಂಟು, ಗ್ಯಾಸಿನ ಬಿಲ್ಲು. ಪ್ರಧಾನಿಯ ಮಾವನ ಮನೆ ಯಾವ ಊರಿನದು ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ.

ಇನ್ನೊಂದು ಸಂಗತಿ. ಅದೇ 2022ರ ಏಪ್ರಿಲ್‌ನಲ್ಲಿ, ಸುನಕ್ ಹಣಕಾಸು ಸಚಿವರಾಗಿದ್ದಾಗ, ಅಕ್ಷತಾ ಮೂರ್ತಿಯವರ ತೆರಿಗೆಯ ವಿಷಯ ಬ್ರಿಟಿಷ್ ಪತ್ರಿಕೆಗಳಲ್ಲಿ ದೊಡ್ಡದಾಯಿತು. ಬ್ರಿಟನ್ನಿನಲ್ಲಿ ವಾಸಿಸುತ್ತಿದ್ದರೂ ತಮ್ಮ ಮೂಲನೆಲೆ ಬೇರೆ ದೇಶ ಎಂದು ತೋರಿಸಿದವರು ಹೊರದೇಶದ ಆದಾಯಕ್ಕೆ ಅಲ್ಲಿ ತೆರಿಗೆ ಕೊಡದೆ ಇರಲು ಆಗಿನ ಕಾನೂನಿನಲ್ಲಿ ಅವಕಾಶವಿತ್ತು. ಅದು ಅಪರಾಧವೇನೂ ಆಗಿರಲಿಲ್ಲ. ಜನರ ಮೇಲೆ ತೆರಿಗೆ ಹಾಕುವ ಮಂತ್ರಿಯ ಮನೆಯಲ್ಲೇ ಈ ರಿಯಾಯಿತಿ ಸರಿಯೇ ಎಂಬುದು ಅಲ್ಲಿನವರ ಪ್ರಶ್ನೆ. ಕೆಲವೇ ದಿನಗಳಲ್ಲಿ ಆಕೆ ಎಲ್ಲ ಆದಾಯಕ್ಕೂ ಬ್ರಿಟನ್ನಿನಲ್ಲೇ ತೆರಿಗೆ ಕೊಡುವುದಾಗಿ ಪ್ರಕಟಿಸಿದರು. ಆ ಪದ್ಧತಿಯನ್ನೇ 2025ರ ಏಪ್ರಿಲ್‌ನಿಂದ ತೆಗೆದುಹಾಕಲಾಗಿದೆ. ನಮ್ಮ ಕಡೆ ಆ ಸುದ್ದಿ ಬಂದಿತ್ತು. ಆದರೆ ಅಳಿಯ ಎಂಬ ಪದ ಅದನ್ನು ಹಿಂದಕ್ಕೆ ತಳ್ಳಿತು. 2024ರ ಜುಲೈ 4ರ ಚುನಾವಣೆಯಲ್ಲಿ ಸುನಕ್ ಅವರ ಪಕ್ಷ 121 ಸ್ಥಾನಕ್ಕೆ ಇಳಿದಾಗ, ಅಳಿಯ ಎಂದರೆ ಹೀರೋ ಎಂದುಕೊಂಡಿದ್ದವರಿಗೆ ಅದೇಕೆ ಹೀಗಾಯಿತೆಂದು ತಿಳಿಯಲೇ ಇಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ರಿಟನ್ನಿನ ರಾಜಕೀಯ ನಮ್ಮ ಈ ತಾಲ್ಲೂಕುಗಳಿಗೆ ಒಂದು ಕಾಲದಲ್ಲಿ ಪರದೇಶದ ಸುದ್ದಿಯಾಗಿರಲಿಲ್ಲ, ಮನೆಯ ಸುದ್ದಿಯಾಗಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತನ್ನ ರಕ್ಷಣೆಗೆ ಇಟ್ಟುಕೊಂಡ ಕಂಪನಿ ಸೈನ್ಯದ ಖರ್ಚಿಗೆ ಕೊಟ್ಟ ನೆಲ ಇದು. ಆದ್ದರಿಂದಲೇ ದತ್ತ ಮಂಡಲ ಎಂಬ ಹೆಸರು. ಇಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಅಂದಿನಿಂದ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಈ ಐದೂ ಊರುಗಳು ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾಗಿರುವುದು 2021ರಿಂದ ಈಚೆಗೆ.

ದತ್ತ ಮಂಡಲಕ್ಕೆ ಬಂದ ಮೊದಲ ಪ್ರಧಾನ ಕಲೆಕ್ಟರು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಡೇರೆ ಹೊಡೆದುಕೊಂಡು ಊರೂರು ತಿರುಗಿದ, ಹೊಲಹೊಲವನ್ನೂ ಅಳೆಸಿ ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದ ಮನುಷ್ಯ. ಈ ಸೀಮೆಗಳಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು. ಯೋಚಿಸಿ ನೋಡಿ: ಪತ್ರಿಕೆ ಇಲ್ಲ, ರೇಡಿಯೋ ಇಲ್ಲ, ಇಂಗ್ಲಿಷ್ ಬಾರದು, ಲಂಡನ್ ಎಲ್ಲಿದೆ ಎಂದೂ ಗೊತ್ತಿಲ್ಲ. ಆದರೂ ಬ್ರಿಟಿಷ್ ಆಡಳಿತಗಾರನೊಬ್ಬನ ಬಗ್ಗೆ ಜನ ತಮ್ಮ ಅಭಿಪ್ರಾಯವನ್ನು ತೊಟ್ಟಿಲಲ್ಲಿ ಕೂಗಿ ಹೇಳಿದ್ದಾರೆ. ಆ ಅಭಿಪ್ರಾಯಕ್ಕೆ ಆಧಾರ ಕೇಳಿದ ಸುದ್ದಿಯಲ್ಲ, ಕಂಡ ಮನುಷ್ಯ ಮತ್ತು ಕೊಟ್ಟ ಕಂದಾಯ.

ಇದೇ ಮನ್ರೋ ಮುಂದೆ ಮದರಾಸಿನ ಗವರ್ನರಾದ. 1822ರಲ್ಲಿ ಪತ್ರಿಕೆಗಳ ವಿಷಯವಾಗಿ ಆತ ಒಂದು ಟಿಪ್ಪಣಿ ಬರೆದ. ಅದರ ಸಾರಾಂಶ ಇಷ್ಟು: ಪತ್ರಿಕೆಗೆ ಸ್ವಾತಂತ್ರ್ಯ ಕೊಟ್ಟರೆ ಪರಕೀಯರ ಆಳ್ವಿಕೆ ನಿಲ್ಲದು, ಎರಡರಲ್ಲಿ ಒಂದನ್ನು ಬಿಡಬೇಕು, ಸ್ವತಂತ್ರ ಪತ್ರಿಕೆಯ ಮೊದಲ ಕರ್ತವ್ಯವೇ ಪರಕೀಯರ ನೊಗವನ್ನು ಕಿತ್ತೊಗೆಯುವುದಾಗುತ್ತದೆ. ನಮ್ಮ ಜನರ ಪ್ರೀತಿಯ ಮನ್ರೋಲಪ್ಪನೇ ಹೀಗೆ ಬರೆದದ್ದು! ನನಗೆ ಆತನ ಪ್ರಾಮಾಣಿಕತೆ ಮೆಚ್ಚುಗೆಯಾಗುತ್ತದೆ. ಪತ್ರಿಕೆ ಏನು ಮಾಡಬಲ್ಲದೆಂದು ಆತನಷ್ಟು ಸ್ಪಷ್ಟವಾಗಿ ಅಂದು ಕಂಡವರು ಕಡಿಮೆ. ಹಾಗೆ ಕಂಡದ್ದರಿಂದಲೇ ಬೇಡವೆಂದ. ಎರಡು ವರ್ಷದ ನಂತರ, 1824ರಲ್ಲಿ, ಭಾರತೀಯರು ತಮ್ಮನ್ನು ತಾವೇ ಆಳಿಕೊಳ್ಳುವ ಯೋಗ್ಯತೆ ಪಡೆಯುವ ದಿನಕ್ಕೆ ಅವರನ್ನು ಸಿದ್ಧಗೊಳಿಸಬೇಕೆಂದೂ ಬರೆದವನು ಅವನೇ. ಒಬ್ಬ ಮನುಷ್ಯನನ್ನು ಒಂದೇ ತಲೆಬರಹದಲ್ಲಿ ತುಂಬಲು ಆಗುವುದಿಲ್ಲ.

ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. 1835ರಲ್ಲಿ ಗವರ್ನರ್ ಜನರಲ್ ಮೆಟ್ಕಾಫ್ ಪತ್ರಿಕೆಗಳ ಮೇಲಿನ ಲೈಸೆನ್ಸಿನ ಕಟ್ಟು ಸಡಿಲಿಸಿದ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಿತವಾದ, ತಿಂಗಳಿಗೆ ಎರಡು ಬಾರಿ ಬರುತ್ತಿದ್ದ ಪುಟ್ಟ ಪತ್ರಿಕೆ. ಇಷ್ಟು ನಿಮ್ಮ ಪಠ್ಯಪುಸ್ತಕದಲ್ಲೂ ಇರಬಹುದು. ಅದು ಒಂದು ವರ್ಷ ತುಂಬುವ ಮೊದಲೇ, 1844ರಲ್ಲಿ, ಬಳ್ಳಾರಿಗೆ ಬಂದಿತೆಂಬುದು ಎಷ್ಟು ಜನಕ್ಕೆ ಗೊತ್ತು? ಲಂಡನ್ ಮಿಷನ್ನಿನವರ ಅಚ್ಚುಕೂಟ ಬಳ್ಳಾರಿಯಲ್ಲಿತ್ತು, ಅಲ್ಲಿ ಅಚ್ಚುಮೊಳೆಗಳಿದ್ದವು. ಕನ್ನಡ ಸಮಾಚಾರ ಎಂಬ ಹೊಸ ಹೆಸರಿನಿಂದ ಅದು ಅಲ್ಲಿಂದ ಹೊರಟಿತು. ಊರಿನ ವರ್ತಮಾನ, ಕಂಪನಿ ಸರ್ಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ನಡುವೆ ದಾಸರ ಪದ: ಇದು ಆ ಪತ್ರಿಕೆಯ ಬಗೆ. ಬ್ರಿಟಿಷರ ಸುದ್ದಿ ಕನ್ನಡದಲ್ಲಿ ಅಚ್ಚಾಗಿ ನಮ್ಮ ಕಡೆಯವರಿಗೆ ದೊರೆತದ್ದು ಹೀಗೆ. ಬರೆದವರು ಪಾದ್ರಿಗಳು. ಅವರಿಗೆ ಅವರದೇ ಉದ್ದೇಶವಿತ್ತು. ಅದು ಗೊತ್ತಿದ್ದರೆ ಸಾಕು, ಪತ್ರಿಕೆಯ ಉಪಕಾರವನ್ನು ಮರೆಯಬೇಕಾಗಿಲ್ಲ.

ಈಗ ಹೇಳುವುದು ಕಹಿಯಾದ ಭಾಗ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರು ಹೊತ್ತ ಆ ಬರ ನಮ್ಮ ಸೀಮೆಯನ್ನು ಬರಿದು ಮಾಡಿತು. 1871ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಬಳ್ಳಾರಿಯ ಕಡೆ ಸುಮಾರು ಐದರಲ್ಲಿ ಒಂದು ಪಾಲು ಜನ ಕಡಿಮೆಯಾಗಿದ್ದಾರೆ. ಮದರಾಸಿನ ರೈಲು ಬಳ್ಳಾರಿಯವರೆಗೆ ಮಾತ್ರ ಬಂದಿತ್ತು. ಹೊಸಪೇಟೆಗೆ ಹಳಿ ಬಂದದ್ದು 1884ರಲ್ಲಿ. ಬಳ್ಳಾರಿಯಿಂದ ಪಶ್ಚಿಮಕ್ಕೆ, ಕೂಡ್ಲಿಗಿ ಹಡಗಲಿಗಳ ಕಡೆಗೆ, ಕಾಳು ಬರಬೇಕಾದರೆ ಎತ್ತಿನ ಗಾಡಿಯೇ ಗತಿ. ಎತ್ತುಗಳು ಮೇವು ನೀರಿಲ್ಲದೆ ಸಾಯುತ್ತಿದ್ದವು.

ಅದೇ ಹೊತ್ತಿಗೆ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ಭಾರಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ಥಾನದ ಚಕ್ರವರ್ತಿನಿ ಎಂದು ಸಾರಿದ. ಬರದ ಖರ್ಚು ಬಿಗಿಹಿಡಿಯಲೆಂದು ಮದರಾಸಿಗೆ ಬಂದವರು ಸರ್ ರಿಚರ್ಡ್ ಟೆಂಪಲ್. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ, ಕಾಳಿನ ಬೆಲೆಯನ್ನೂ ಮೇಲೆ ಅರ್ಧ ಆಣೆಯನ್ನೂ ಕೂಲಿಯಾಗಿ ಅವರು ಗೊತ್ತುಮಾಡಿದರು. ಮದರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಇಷ್ಟರಲ್ಲಿ ಮಣ್ಣು ಹೊತ್ತು ದುಡಿಯುವ ದೇಹ ನಿಲ್ಲದು ಎಂದರು. ವಾದ ಕಾಗದದ ಮೇಲೆ ನಡೆಯಿತು, ಜನ ಕಾಮಗಾರಿಯ ಸ್ಥಳದಲ್ಲಿ ಸೊರಗಿದರು. ಕೆಲವು ತಿಂಗಳ ಮೇಲೆ ಕೂಲಿ ಹೆಚ್ಚಿಸಬೇಕಾಯಿತು.

ಇಲ್ಲಿ ಪತ್ರಿಕೆಯವನೊಬ್ಬ ಬರುತ್ತಾನೆ. ಮದರಾಸ್ ಟೈಮ್ಸ್ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ ಬರದ ಸುದ್ದಿಯನ್ನು ಬಿಡದೆ ಬರೆದ. 1877ರ ಆಗಸ್ಟ್‌ನಲ್ಲಿ ಮದರಾಸಿನ ಸಾರ್ವಜನಿಕ ಸಭೆ ಲಂಡನ್ನಿಗೆ ಮೊರೆಯಿಟ್ಟಿತು. ಲಂಡನ್ ಮೇಯರರ ಮ್ಯಾನ್ಷನ್ ಹೌಸಿನಲ್ಲಿ ನಿಧಿ ತೆರೆಯಿತು. ಲಕ್ಷಾಂತರ ಪೌಂಡು ಕೂಡಿತು. ಲ್ಯಾಂಕಶೈರಿನ ಹತ್ತಿ ಗಿರಣಿಯ ಊರುಗಳವರೂ ಕೊಟ್ಟರು. ಆ ಹಣದಲ್ಲಿ ಬಹುಪಾಲು ರೈತರಿಗೆ ಬೀಜಕ್ಕೆ, ಎತ್ತಿಗೆ, ಬಿದ್ದ ಮನೆ ಎತ್ತಿ ನಿಲ್ಲಿಸುವುದಕ್ಕೆ ಹೋಯಿತು. ಡಿಗ್ಬಿ ಆ ಪರಿಹಾರ ಸಮಿತಿಯ ಗೌರವ ಕಾರ್ಯದರ್ಶಿಯಾಗಿದ್ದು, 1878ರಲ್ಲಿ ಇಡೀ ಕಥೆಯನ್ನು ಎರಡು ಸಂಪುಟಗಳಲ್ಲಿ ಬರೆದಿಟ್ಟ.

ಬ್ರಿಟಿಷರು ಏನು ಮಾಡಿದರು ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಈ ಬರದ ವಿಷಯದಲ್ಲಿ ಉತ್ತರ ಯಾವುದು? ಕೂಲಿ ಕಡಿದವನೂ ಬ್ರಿಟಿಷ್, ಕಡಿಯಬೇಡಿ ಎಂದವನೂ ಬ್ರಿಟಿಷ್, ಬರೆದವನೂ, ಕೊಟ್ಟವನೂ ಬ್ರಿಟಿಷ್. ಸರ್ಕಾರ ಬೇರೆ, ಪತ್ರಿಕೆ ಬೇರೆ, ಜನ ಬೇರೆ. ಹಾಗೆಂದು ಲೆಕ್ಕ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಗಿರಣಿಯವರ ದಾನ ಬರುವ ಹೊತ್ತಿಗೆ ಅನೇಕ ಹಳ್ಳಿಗಳಲ್ಲಿ ಬೀಜ ಬಿತ್ತಲು ಕೈಗಳೇ ಉಳಿದಿರಲಿಲ್ಲ. ಹಸಿವಿನ ಸುದ್ದಿ ಲಂಡನ್ನಿನ ಜನರನ್ನು ತಟ್ಟಲು ಸುಮಾರು ಒಂದು ವರ್ಷ ಹಿಡಿಯಿತು. ತಂತಿಯೇನೋ ಇತ್ತು, ಸುದ್ದಿ ಕೆಲವೇ ಗಂಟೆಗಳಲ್ಲಿ ಹೋಗಬಹುದಿತ್ತು. ಹಸಿದವರ ಪರವಾಗಿ ಅಲ್ಲಿ ಎದ್ದು ನಿಲ್ಲುವ ಅವರದೇ ಪ್ರತಿನಿಧಿ ಇರಲಿಲ್ಲ.

ನಮ್ಮ ಜನರ ಅಭಿಪ್ರಾಯ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ ಎನ್ನುವಂತೆಯೂ ಇಲ್ಲ, ಹೋಗುತ್ತಿತ್ತು, ಗುಟ್ಟಾಗಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರ ದೇಶಭಾಷೆಯ ಪತ್ರಿಕೆಗಳನ್ನು ತನ್ನ ಭಾಷಾಂತರಕಾರರಿಂದ ಓದಿಸಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಗೋಪ್ಯ ವರದಿ ತಯಾರಿಸುತ್ತಿತ್ತು. ಮದರಾಸಿನ ವರದಿಗಳಲ್ಲಿ ತಮಿಳು, ತೆಲುಗಿನ ಜೊತೆಗೆ ಕನ್ನಡವೂ ಇತ್ತು. ಜನ ಏನು ಆಡಿಕೊಳ್ಳುತ್ತಿದ್ದಾರೆ ಎಂದು ತಿಳಿಯುವ ಆಸೆ ಸರ್ಕಾರಕ್ಕಿತ್ತು. ಉತ್ತರ ಕೊಡಲೇಬೇಕಾದ ಕಟ್ಟುಪಾಡು ಇರಲಿಲ್ಲ. ಆ ವರದಿಗಳು ಇಂದು ಇತಿಹಾಸ ಓದುವವರಿಗೆ ದೊಡ್ಡ ನಿಧಿ. ಪತ್ರಿಕೆಗಳು ಹಾಳಾಗಿವೆ, ಅವುಗಳ ಮೇಲೆ ಕಣ್ಣಿಟ್ಟವರ ಕಾಗದ ಉಳಿದಿದೆ!

1892ರಲ್ಲಿ ದಾದಾಭಾಯಿ ನವರೋಜಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಬಂದರು, ಕೇವಲ ಐದು ಮತಗಳ ಅಂತರದಿಂದ. ಭಾರತದ ಬಡತನದ ಲೆಕ್ಕವನ್ನು ಅಲ್ಲಿ ಎತ್ತಿ ಆಡಿದರು. ಆದರೆ ಅವರನ್ನು ಆರಿಸಿದವರು ಲಂಡನ್ನಿನ ಫಿನ್ಸ್‌ಬರಿ ಕ್ಷೇತ್ರದ ಮತದಾರರು. 1895ರಲ್ಲಿ ಅವರು ಬೇಡವೆಂದರು, ಮುಗಿಯಿತು. 1928ರಲ್ಲಿ ಸೈಮನ್ ಆಯೋಗ ಬಂದಾಗ ಅದರ ಏಳು ಸದಸ್ಯರಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಹಿಂದಿರುಗಿ ಹೋಗಿ ಎಂದು ದೇಶವೆಲ್ಲ ಕೂಗಿತು. ಆ ಏಳು ಜನರಲ್ಲಿ ಒಬ್ಬ ಕ್ಲೆಮೆಂಟ್ ಆಟ್ಲಿ. 1945ರ ಜುಲೈ ಚುನಾವಣೆಯಲ್ಲಿ ಯುದ್ಧ ಗೆದ್ದ ಚರ್ಚಿಲ್ ಸೋತರು, ಆಟ್ಲಿ ಪ್ರಧಾನಿಯಾದರು. 1947ರ ಫೆಬ್ರವರಿ 20ರಂದು ಭಾರತದ ಅಧಿಕಾರ ಬಿಟ್ಟುಕೊಡುವುದಾಗಿ ಪಾರ್ಲಿಮೆಂಟಿನಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ಮತದಾರ 1945ರಲ್ಲಿ ಮುಖ್ಯವಾಗಿ ಯೋಚಿಸಿದ್ದು ಮನೆ, ಉದ್ಯೋಗ, ಆಸ್ಪತ್ರೆಗಳ ಬಗ್ಗೆ. ಭಾರತ ಅವನ ಮನಸ್ಸಿನಲ್ಲಿ ಬಹಳ ಕೆಳಗಿತ್ತು. ಅವನು ತನ್ನ ಮನೆಗಾಗಿ ಹಾಕಿದ ಮತ ನಮ್ಮ ಸ್ವಾತಂತ್ರ್ಯದ ದಿನವನ್ನು ಹತ್ತಿರ ತಂದಿತು. ಅದಕ್ಕೆ ಹಿಂದೆ ಇಲ್ಲಿನ ಜನ ಜೈಲು ತುಂಬಿದ ವರ್ಷಗಳಿದ್ದವು ಎಂಬುದನ್ನು ಬಳ್ಳಾರಿಯ ಅಲಿಪುರ ಜೈಲಿನ ಹೆಸರು ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕವಿದೆ. ನೋಡದಿದ್ದವರು ಒಮ್ಮೆ ಹೋಗಿ ನೋಡಿ. ಪತ್ರಿಕೆಗೆ ಒಂದು ಸಾಲನ್ನೂ ಬರೆಯದ ಜನ ತಮ್ಮ ಅಭಿಪ್ರಾಯವನ್ನು ಕಲ್ಲಿನಲ್ಲಿ ನಿಲ್ಲಿಸಿದ್ದಾರೆ.

ಸ್ವಾತಂತ್ರ್ಯ ಬಂದ ಮೇಲೆ ಬ್ರಿಟಿಷ್ ಸರ್ಕಾರ ಹೋಯಿತು, ಬ್ರಿಟಿಷ್ ಸುದ್ದಿಸಂಸ್ಥೆಯ ಮೇಲಿನ ನಂಬಿಕೆ ಉಳಿಯಿತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರು ತೀರಿಕೊಂಡ ಸುದ್ದಿಯನ್ನು ಬಿ.ಬಿ.ಸಿ. ಮಧ್ಯಾಹ್ನವೇ ಹೇಳಿತು; ಆಕಾಶವಾಣಿ ಹೇಳಿದ್ದು ಸಂಜೆ. ಅಂಥ ಸಂದರ್ಭಗಳಿಂದ ಬಿ.ಬಿ.ಸಿ. ಹೇಳಿತಂತೆ ಎಂದರೆ ಅದು ನಿಜ ಎಂಬ ಭಾವನೆ ಹಳ್ಳಿಹಳ್ಳಿಗೂ ಹಬ್ಬಿತು. ಹಾಗೆ ಗಳಿಸಿದ ಹೆಸರನ್ನು ಕಳ್ಳರು ಬಳಸದೆ ಬಿಡುತ್ತಾರೆಯೇ? 2018ರ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭಾ ಚುನಾವಣೆಗೆ ಕೆಲವೇ ದಿನ ಇರುವಾಗ, ಇಂಥ ಪಕ್ಷಕ್ಕೆ ಇಷ್ಟು ಸ್ಥಾನ ಎಂದು ಬಿ.ಬಿ.ಸಿ. ಸಮೀಕ್ಷೆ ಹೇಳಿದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡಿತು. ಕೆಳಗೆ ಕೊಂಡಿಯೂ ಇತ್ತು. ಒತ್ತಿದರೆ ಬಿ.ಬಿ.ಸಿ.ಯ ಮುಖಪುಟವೇ ತೆರೆಯುತ್ತಿತ್ತು, ಸಮೀಕ್ಷೆ ಮಾತ್ರ ಅಲ್ಲಿರಲಿಲ್ಲ. ತಾನು ಭಾರತದಲ್ಲಿ ಚುನಾವಣಾಪೂರ್ವ ಸಮೀಕ್ಷೆ ಮಾಡುವುದೇ ಇಲ್ಲವೆಂದು ಬಿ.ಬಿ.ಸಿ. ಸ್ಪಷ್ಟಪಡಿಸಿತು. ಕೊಂಡಿ ಒತ್ತಿ ನೋಡಿದವರು ಎಷ್ಟು ಜನ, ನೋಡದೆ ಮುಂದಕ್ಕೆ ಕಳಿಸಿದವರು ಎಷ್ಟು ಜನ, ನೀವೇ ನಿಮ್ಮ ನಿಮ್ಮ ಮನೆಯಲ್ಲಿ ಎಣಿಸಿ.

ಹಾಗಾದರೆ ದೂರದ ದೇಶದ ರಾಜಕೀಯದ ಬಗ್ಗೆ ನಾವು ಮಾತನಾಡಲೇಬಾರದೇ? ಖಂಡಿತ ಮಾತನಾಡಬೇಕು. ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕಾಲೇಜಿನ ಕಟ್ಟೆಯ ಮೇಲೆ ಆಡುವ ಮಾತೇ ಜನಾಭಿಪ್ರಾಯದ ತಾಯಿಬೇರು. ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ಲಂಡನ್ನಿನ ಸುದ್ದಿ ಬಂದಾಗ ಅದು ಯಾರಿಂದ ಹೊರಟು ಯಾರ ಕೈ ದಾಟಿ ಬಂತು ಎಂದು ವಿಚಾರಿಸಿ. ಅಲ್ಲಿನ ಸಾಮಾನ್ಯ ಮನುಷ್ಯ ಆ ವಾರ ಯಾವುದಕ್ಕೆ ತಲೆಕೆಡಿಸಿಕೊಂಡಿದ್ದ ಎಂದು ಅಲ್ಲಿನದೇ ಪತ್ರಿಕೆಯೊಂದನ್ನು ತೆರೆದು ನೋಡಿ. ಕಾಲೇಜಿನ ಗ್ರಂಥಾಲಯದಲ್ಲಿ ಸಿಗದಿದ್ದರೂ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಸಿಗುತ್ತದೆ.

ನಿಮ್ಮಲ್ಲಿ ಕೆಲವರಿಗೆ ಇದು ಬರಿಯ ಹೋಟೆಲ್ ಮಾತಾಗಿ ಉಳಿಯದೆ ಇರಬಹುದು. ಭಾರತ ಕಾಮನ್‌ವೆಲ್ತ್ ರಾಷ್ಟ್ರವಾದ್ದರಿಂದ, ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ವಾಸಿಸು­ತ್ತಿರುವ, ಹದಿನೆಂಟು ತುಂಬಿದ ಭಾರತೀಯ ಪ್ರಜೆಗೆ ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಓದಲು ಹೋದ ವಿದ್ಯಾರ್ಥಿಗೂ ಇದೆ. ಬ್ರಿಟಿಷ್ ಪೌರತ್ವ ಬೇಕಾಗಿಲ್ಲ. ತಾನಿರುವ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿರಬೇಕು. ಧಾತು ಸಂವತ್ಸರದಲ್ಲಿ ಒಂದು ಪೌಂಡು ಕಾಳಿಗೆ ಮಣ್ಣು ಹೊತ್ತವರ ಮರಿಮೊಮ್ಮಗಳೊಬ್ಬಳು ಹರಪನಹಳ್ಳಿಯಿಂದ ಹೋಗಿ ಲೆಸ್ಟರಿನಲ್ಲೋ ಲೀಡ್ಸಿನಲ್ಲೋ ಓದುತ್ತಿದ್ದರೆ, ಚುನಾವಣೆಯ ದಿನ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಆಕೆಗಾಗಿ ಅಲ್ಲಿ ಮತಗಟ್ಟೆಯ ಬಾಗಿಲು ತೆರೆದಿರುತ್ತದೆ.